ತೊಕುಮಾತ್ಸು ನೂತ ಎರಡು ತೋಳು

ತೊಕುಮಾತ್ಸುವಿನ ಮನೆಯಲ್ಲಿ ಬಹುವಚನ ಸಲ್ಲುತ್ತಿದ್ದದ್ದು ಹುಳುಗಳಿಗೆ ಮಾತ್ರ. ಅಕಾಗಿ ಬೆಟ್ಟದ ಬುಡದ ನಮ್ಮೂರಲ್ಲಿ ರೇಷ್ಮೆಹುಳುವನ್ನು ಬರಿದೆ ಹುಳು ಅಂದರೆ ಹೆಂಗಸರು ಕಣ್ಣು ಕೆಂಪಗೆ ಮಾಡುತ್ತಾರೆ. ರೇಷ್ಮೆರಾಯರು ಅನ್ನಬೇಕು. ರಾಯರು ಊಟಕ್ಕೆ ಎದ್ದರು, ರಾಯರಿಗೆ ಮೂರನೇ ಜ್ವರ, ರಾಯರು ಪೊರೆ ಬಿಡಲು ಮಲಗಿದ್ದಾರೆ, ಮೆಲ್ಲಗೆ ನಡೆಯಿರಿ. ಮನೆಯ ದೊಡ್ಡ ಕೋಣೆ ರಾಯರದ್ದು, ಬೆಂಕಿಯ ಕಾವೂ ರಾಯರದ್ದು. ಮನೆಯವರು ಅಡುಗೆಮನೆಯ ಮೂಲೆಯಲ್ಲಿ ಮುದುರಿಕೊಂಡು ಮಲಗಬೇಕು. ಹೊಗೆಸೊಪ್ಪಿನ ವಾಸನೆ ರಾಯರಿಗೆ ಆಗದು ಅಂತ ತೊಕುಮಾತ್ಸು ಮದುವೆಯಾದ ವರ್ಷವೇ ಚಿಲುಮೆ ಬಿಟ್ಟ. ಆದರೂ ಹೆಂಡತಿ ಶಿನೋ ಅವನನ್ನು ಕರೆಯುವುದು "ನೀನು" ಎಂದೇ, ಸಿಟ್ಟು ಬಂದ ದಿನ "ಏನಯ್ಯಾ" ಎಂದು.

ಅದರಲ್ಲಿ ಅವನಿಗೆ ವಿಶೇಷ ಅವಮಾನವೇನೂ ಇರಲಿಲ್ಲ. ನಮ್ಮ ಸೀಮೆಯ ಎರಡು ಸಂಗತಿ ದೇಶಕ್ಕೆಲ್ಲ ಗೊತ್ತು: ಚಳಿಗಾಲದ ಒಣಗಾಳಿ ಮತ್ತು ಹೆಂಡತಿಯ ದರ್ಬಾರು. ನೂಲು ತೆಗೆಯುವವಳು ಅವಳು, ನೇಯುವವಳು ಅವಳು, ಮನೆ ನಡೆಯುವುದು ಅವಳ ಹತ್ತು ಬೆರಳಿನಿಂದ. ಗಂಡಸರು ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದುಹಾಕಿ, ಸಂಜೆ ಊರ ಸ್ನಾನದಮನೆಯ ಬಿಸಿನೀರಲ್ಲಿ ಕತ್ತಿನವರೆಗೆ ಮುಳುಗಿ ಕೂತು ಲೋಕದ ನ್ಯಾಯ ತೀರ್ಮಾನ ಮಾಡುತ್ತಾರೆ. ಈ ಕತೆ ಊರಿಗೆ ಗೊತ್ತಾದದ್ದೂ ಅಲ್ಲೇ, ತೊಕುಮಾತ್ಸುವಿನ ಬಾಯಿಂದಲೇ. ತನ್ನ ಮರ್ಯಾದೆಯನ್ನು ತಾನೇ ಹರಾಜಿಗಿಡುವುದರಲ್ಲಿ ಅವನನ್ನು ಮೀರಿಸಿದವರು ನಮ್ಮಲ್ಲಿ ಇಲ್ಲ.

ಅವನ ಹೆಸರಿನಲ್ಲಿ ಪುಣ್ಯ ಎಂಬ ಅರ್ಥದ ಅಕ್ಷರವಿದೆ. ಹೆಸರಿಗೆ ತಕ್ಕ ಹಾಗೆ ಮನಸ್ಸೂ ಮೆತ್ತಗೆ. ಮನೆಯಲ್ಲಿ ಕೋಳಿಯ ಕುತ್ತಿಗೆ ಮುರಿಯುವ ದಿನ ಅವನಿಗೆ ಹೊಲದಲ್ಲಿ ತುರ್ತು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಗೂಡಿನೊಳಗಿನ ರಾಯರನ್ನು ಒಣಗಿಸುವ ದಿನ, ಬಾಣಲೆಯಲ್ಲಿ ಕುದಿಸಿ ನೂಲು ತೆಗೆಯುವ ದಿನವೂ ಅಷ್ಟೆ. ಆ ಹಬೆಯ ವಾಸನೆಗೆ ತನ್ನ ಎದೆ ಹಿಂಡುತ್ತದೆ ಅನ್ನುತ್ತಿದ್ದ. ಮಾರನೆಯ ದಿನ ಅದೇ ಬೆಂದ ಹುಳುಗಳನ್ನು ಶಿನೋ ಸೋಯಾ ಸಾರಿನಲ್ಲಿ ಬತ್ತಿಸಿ ಮುಂದಿಟ್ಟರೆ ಒಂದು ಬಟ್ಟಲು ಅನ್ನ ಹೆಚ್ಚಾಗಿಯೇ ಇಳಿಸುತ್ತಿದ್ದ. ತನ್ನ ದಯೆ ಮೂಗಿನಲ್ಲೇ ನಿಂತಿತ್ತು, ಬಾಯಿಯವರೆಗೆ ಇಳಿದಿರಲಿಲ್ಲ ಎಂದು ಈಗ ಅವನೇ ಹೇಳಿಕೊಂಡು ನಗುತ್ತಾನೆ.

ಯುದ್ಧ ಮುಗಿದ ಹನ್ನೆರಡನೆಯ ವರ್ಷ, ಶರತ್ಕಾಲ. ಒಬ್ಬಳೇ ಮಗಳು ಸುಮಿಯೆಗೆ ಹೊಳೆಯಾಚೆಯ ಊರಲ್ಲಿ ಗಂಡು ಗೊತ್ತಾಗಿತ್ತು. ಚಳಿ ಕಳೆದು ಹಿಪ್ಪುನೇರಳೆ ಚಿಗುರುವುದರೊಳಗೆ ಮದುವೆ. ನಮ್ಮಲ್ಲಿ ತಾಯಿ ತನ್ನ ಕೈಯಾರೆ ನೂಲು ತೆಗೆದು ನೇಯ್ದ ಒಂದು ಕಿಮೋನೋ ಮಗಳ ಜೊತೆ ಹೋಗಲೇಬೇಕು. ಅಂಗಡಿಯದು ಹತ್ತು ಇರಲಿ, ಅದೊಂದು ಇಲ್ಲದಿದ್ದರೆ ಗಂಡನ ಮನೆಯ ಹೆಂಗಸರು ಪೆಟ್ಟಿಗೆಯ ಮಡಿಕೆಯೆಲ್ಲ ಬಿಚ್ಚಿ ನೋಡಿ ಸುಮ್ಮನಾಗುತ್ತಾರೆ. ಬೈದರೆ ಒಂದು ದಿನಕ್ಕೆ ಮುಗಿಯುತ್ತದೆ. ಹಾಗೆ ಸುಮ್ಮನಾದದ್ದು ಹುಡುಗಿಯ ಬೆನ್ನಿಗೆ ಬಾಳಿನುದ್ದಕ್ಕೂ ಅಂಟಿಕೊಂಡಿರುತ್ತದೆ.

ಒಳ್ಳೆಯ ಗೂಡೆಲ್ಲ ರೇಷ್ಮೆ ಬೆಳೆಗಾರರ ಸಂಘಕ್ಕೆ ಹೋಗುತ್ತದೆ. ಮನೆಯವರ ಮೈಗೆ ಉಳಿಯುವುದು ಜೋಡಿಗೂಡು. ಒಮ್ಮೊಮ್ಮೆ ಎರಡು ಹುಳು ಜಾಗಕ್ಕೆ ಜಗಳವಾಡದೆ ಒಂದೇ ಗೂಡು ಕಟ್ಟಿಕೊಂಡು ಒಳಗೆ ಕೂತುಬಿಡುತ್ತವೆ. ಎರಡರ ಎಳೆಯೂ ಸಿಕ್ಕಾಗಿ ನೂಲು ಗಂಟುಗಂಟಾಗಿ ಬರುವುದರಿಂದ ಸಂಘದವರು ಅದನ್ನು ಮುಟ್ಟುವುದಿಲ್ಲ. ಗಂಡಹೆಂಡಿರ ಸಂಸಾರ ಅಂದರೆ ಇದೇ, ಹೊರಗಿನವರಿಗೆ ಬೇಡದ ಮಾಲು ಎಂದು ಶಿನೋ ತಮಾಷೆ ಮಾಡುತ್ತಿದ್ದಳು. ಮೂರು ವರ್ಷ ಕೂಡಿಸಿದ ಜೋಡಿಗೂಡಿನಿಂದ ನೂಲು ತೆಗೆದು ಅವಳು ಮಗಳಿಗಾಗಿ ನೇಯುತ್ತಿದ್ದಳು. ಮೈಗೆ ಸಾಲುವಷ್ಟು ನೂಲಿತ್ತು, ಎರಡು ತೋಳಿಗೆ ಇರಲಿಲ್ಲ. ಆ ಎರಡು ತೋಳು ಈ ಸಲದ ಕೊನೆ ಬೆಳೆಯ ಒಂದು ಬುಟ್ಟಿ ಜೋಡಿಗೂಡಿನಲ್ಲಿ ಕೂತಿತ್ತು.

ಗೂಡು ಬಿಡಿಸಿದ ವಾರದೊಳಗೆ ಅದನ್ನು ಕೆಂಡದ ಪೆಟ್ಟಿಗೆಯಲ್ಲಿಟ್ಟು ಒಣಗಿಸಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಬರುತ್ತದೆ. ತೂತಾದ ಗೂಡಿನ ಎಳೆ ಸಾವಿರ ತುಂಡು. ಪ್ರತಿ ವರ್ಷ ಈ ಕೆಲಸ ಶಿನೋಳದೇ. ಈ ವರ್ಷ ಅವಳು ಹಗಲು ಬೆಳಕಿರುವಷ್ಟು ಹೊತ್ತೂ ಮಗ್ಗ ಬಿಟ್ಟು ಏಳುತ್ತಿರಲಿಲ್ಲ. ಒಂದು ಸಂಜೆ ಬುಟ್ಟಿಯನ್ನು ಗಂಡನ ಮುಂದೆ ತಂದಿಟ್ಟು, "ನಾಳೆ ಇದನ್ನ ಒಣಗಿಸಿಡು. ಒಂದು ಸಲ ನೀನು ಮಾಡಿದ್ರೆ ಆಕಾಶ ಏನೂ ಬೀಳಲ್ಲ" ಅಂದಳು.

ಆ ನಾಳೆಯ ದಿನವೇ ರಾಯರ ತಿಥಿ. ವರ್ಷದ ಕೊನೆ ಬೆಳೆ ಮುಗಿದ ಮೇಲೆ ಹಿಪ್ಪುನೇರಳೆ ತೋಟದ ಅಂಚಿನ ಕಲ್ಲಿನ ಮುಂದೆ ಊರವರೆಲ್ಲ ಸೇರಿ, ಆ ವರ್ಷ ಕೊಂದ ರಾಯರೆಲ್ಲರ ಆತ್ಮಕ್ಕೆ ಶಾಂತಿ ಕೋರುತ್ತೇವೆ. ಗೂಡಿನಾಕಾರದ ಅಕ್ಕಿ ಉಂಡೆ ಮಾಡಿ ಇಡುತ್ತೇವೆ, ಅಗರಬತ್ತಿ ಹಚ್ಚುತ್ತೇವೆ, ಆಮೇಲೆ ಉಂಡೆಯನ್ನು ನಾವೇ ತಿನ್ನುತ್ತೇವೆ. ದೇವಸ್ಥಾನದ ಝೆನ್ಶೂ ಸ್ವಾಮಿಗಳು ಮಂತ್ರ ಮುಗಿಸಿ ಎರಡು ಮಾತು ಹೇಳಿದರು. ಗೂಡು ಕಟ್ಟುವವರು ಬಾಗಿಲು ಮುಚ್ಚಿಕೊಳ್ಳುವುದು ಮುಂದೊಂದು ದಿನ ತೆರೆಯುವ ಆಸೆಯಿಂದ, ಅದನ್ನು ಮರೆಯಬೇಡಿ ಅಂದರು. ಉಳಿದವರು ಉಂಡೆಯ ಕಡೆ ನೋಡುತ್ತಿದ್ದರು. ತೊಕುಮಾತ್ಸುವಿಗೆ ಆ ಮಾತು ನಾಟಿತು.

ಎಲ್ಲರೂ ಹೋಗುವವರೆಗೆ ಕಾದು ಅವನು ಸ್ವಾಮಿಗಳ ಹತ್ತಿರ ಹೋದ. ಸ್ವಾಮಿಗಳು ನೇರಳೆ ಬಣ್ಣದ ರೇಷ್ಮೆ ಹೊದ್ದಿದ್ದರು. ಇವನ ಬೆನ್ನ ಮೇಲೆ ರೇಷ್ಮೆಯ ಅರಳೆ ತುಂಬಿದ ತೋಳಿಲ್ಲದ ಅಂಗಿ ಇತ್ತು.

"ಸ್ವಾಮಿ, ಕೊಂದಮೇಲೆ ಕೈ ಮುಗಿದ್ರೆ ಸರಿಹೋಗುತ್ತಾ?"

ಸ್ವಾಮಿಗಳು ತಮ್ಮ ತೋಳನ್ನು ಒಮ್ಮೆ ನೋಡಿಕೊಂಡರು. "ಸರಿಹೋಗಲ್ಲಪ್ಪ. ಸರಿಹೋಗೋ ಹಾಗಿದ್ರೆ ಪ್ರತಿ ವರ್ಷ ಯಾಕೆ ಕೈ ಮುಗೀಬೇಕಿತ್ತು?"

ತೊಕುಮಾತ್ಸು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡು ಮನೆಗೆ ಬಂದ. ಕೆಂಡ ಹಾಕಿದ. ಬುಟ್ಟಿಯಿಂದ ಒಂದು ಗೂಡು ತೆಗೆದು ಸುಮ್ಮನೆ ಕಿವಿಯ ಹತ್ತಿರ ಹಿಡಿದ. ಒಳಗೆ ಯಾರೋ ಹೊರಳಿದರು. ಅವರ ಪಕ್ಕದಲ್ಲಿ ಇನ್ನೊಬ್ಬರು ಹೊರಳಿದರು. ಗೂಡನ್ನು ಬುಟ್ಟಿಗೆ ಹಾಕಿ, ನಾಳೆ ಮಾಡಿದರಾಯಿತು ಅಂದುಕೊಂಡ.

ಮಾರನೆಯ ದಿನ ಇದ್ದಿಲು ಹಸಿಯಾಗಿದೆ ಅನ್ನಿಸಿತು. ಅದರ ಮಾರನೆಯ ದಿನ ತೋಟದಲ್ಲಿ ಕೆಲಸವಿತ್ತು. ಶಿನೋ ಮಗ್ಗದಿಂದ ತಲೆಯೆತ್ತದೆ ಒಣಗಿಸಿದೆಯಾ ಎಂದು ಕೇಳಿದಾಗ "ಹೂಂ" ಅಂದುಬಿಟ್ಟ. ಆ ಒಂದು ಹೂಂ ಬಾಯಿಂದ ಹೊರಗೆ ಬಿದ್ದಮೇಲೆ ಬುಟ್ಟಿಗೆ ಅಟ್ಟವೇ ಗತಿಯಾಯಿತು. ಅವನು ಅದನ್ನು ಹಳೆಯ ಚಾಪೆಗಳ ಹಿಂದೆ ಬಚ್ಚಿಟ್ಟು ಬಂದ.

ಇದು ಹೇಡಿತನ ಅಂತ ಅವನಿಗೆ ಮೊದಲ ಮೂರು ದಿನ ಗೊತ್ತಿತ್ತು. ನಾಲ್ಕನೆಯ ದಿನದ ಹೊತ್ತಿಗೆ ಅದು ದಯೆಯ ವೇಷ ಹಾಕಿಕೊಂಡಿತು. ಸ್ನಾನದಮನೆಯಲ್ಲಿ ಕೂತು, ಒಂದು ಜೀವ ತೆಗೆದು ಮೈ ಮುಚ್ಚಿಕೊಳ್ಳುವುದು ಯಾವ ನ್ಯಾಯ, ಕುರಿ ಆದರೆ ಉಣ್ಣೆ ಕೊಟ್ಟು ಬದುಕಿರುತ್ತದೆ, ನಮ್ಮ ರಾಯರು ಬಟ್ಟೆ ಕೊಟ್ಟು ಸಾಯುತ್ತಾರೆ ಎಂದು ಭಾಷಣ ಶುರುಮಾಡಿದ. ಪಕ್ಕದ ಮನೆಯವನು ಗೂಟಕ್ಕೆ ನೇತುಹಾಕಿದ್ದ ಇವನ ಅರಳೆಯಂಗಿಯನ್ನು ಗಲ್ಲದಲ್ಲೇ ತೋರಿಸಿ, ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ತೊಕುಮಾತ್ಸು ಬೆತ್ತಲೆ ಬೆನ್ನನ್ನು ಮುಟ್ಟಿಕೊಂಡ.

ಅವನ ಮನಸ್ಸಿನಲ್ಲಿ ಒಂದು ಚಿತ್ರವಿತ್ತು. ಚಿಟ್ಟೆಗಳು ಹೊರಬರುತ್ತವೆ, ತಾನು ಅಟ್ಟದ ಕಿಟಕಿ ತೆರೆಯುತ್ತೇನೆ, ಆರುನೂರು ಬಿಳಿ ಚಿಟ್ಟೆ ಅಕಾಗಿ ಬೆಟ್ಟದ ಕಡೆ ಹಾರಿಹೋಗುತ್ತವೆ. ಶಿನೋ ಕೂಡ ಅದನ್ನು ಕಂಡರೆ ಕೋಪ ಮರೆಯುತ್ತಾಳೆ. ಹುಟ್ಟಿದಾಗಿನಿಂದ ರೇಷ್ಮೆಯ ಮನೆಯಲ್ಲೇ ಬೆಳೆದವನು ಹೀಗೆ ಯೋಚಿಸಿದ್ದಕ್ಕೆ ನಗಬೇಡಿ, ನಮ್ಮಂಥ ಊರವರು ಮಾತ್ರ ಮಾಡಬಹುದಾದ ತಪ್ಪು ಇದು. ಮೊಟ್ಟೆ, ಬಿತ್ತನೆ ತಯಾರಿಸುವವರ ಮನೆಯಿಂದ ಕಾಗದಕ್ಕೆ ಅಂಟಿಕೊಂಡು ಬರುತ್ತದೆ, ಹುಳು ಚಿಟ್ಟೆಯಾಗುವ ಮೊದಲೇ ಗೂಡು ಮನೆ ಬಿಡುತ್ತದೆ. ಚಿಟ್ಟೆಯ ಬಾಳು ಹೇಗಿರುತ್ತದೆ ಅಂತ ಬೆಳೆಯುವವರು ಕೂತು ನೋಡುವುದೇ ಇಲ್ಲ. ತಪ್ಪಿಸಿಕೊಂಡು ಬಂದ ಒಂದೆರಡನ್ನು ಅವನು ಕಂಡಿದ್ದ. ಅವು ಹಾರದಿದ್ದದ್ದು ಆಯಾಸದಿಂದ ಇರಬೇಕು ಅಂದುಕೊಂಡಿದ್ದ.

ಒಂದು ಬೆಳಿಗ್ಗೆ ಅಟ್ಟದಲ್ಲಿ ಸಣ್ಣಗೆ ಪಟಪಟ ಕೇಳಿಸಿತು. ಏಣಿ ಹತ್ತಿ ನೋಡಿದರೆ ಬುಟ್ಟಿಯ ತುಂಬ ಚಿಟ್ಟೆ, ಚಾಪೆಯ ಮೇಲೆಲ್ಲ ಚಿಟ್ಟೆ. ಅವನು ಕಿಟಕಿ ತೆರೆದು ಪಕ್ಕಕ್ಕೆ ಸರಿದು ನಿಂತ. ಒಂದೂ ಹಾರಲಿಲ್ಲ. ಹೊಟ್ಟೆ ದಪ್ಪ, ರೆಕ್ಕೆ ನೆಪಮಾತ್ರ. ರೆಕ್ಕೆ ಬಡಿದುಕೊಂಡು ಅಲ್ಲಲ್ಲೇ ಗಿರಕಿ ಹೊಡೆದವು. ಒಂದನ್ನು ಎತ್ತಿ ಕಿಟಕಿಯ ದಂಡೆಯ ಮೇಲಿಟ್ಟರೆ ಅದು ನಡೆದುಕೊಂಡು ಒಳಕ್ಕೇ ಬಂತು. ಹಸಿದಿರಬೇಕು ಅಂತ ಸೊಪ್ಪು ತಂದುಹಾಕಿದ, ಮುಟ್ಟಲಿಲ್ಲ. ಚಮಚದಲ್ಲಿ ಸಕ್ಕರೆ ನೀರು ಹಿಡಿದ. ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ತಿನ್ನುವಂಥ ಬಾಯೇ ಅವಕ್ಕೆ ಇಲ್ಲ. ಇವನು ಕೊಟ್ಟ ಬಿಡುಗಡೆಯಲ್ಲಿ ಅವು ಮಾಡಿದ್ದು ಒಂದೇ ಕೆಲಸ: ಜೋಡಿಯಾದವು, ಚಾಪೆಯ ಮೇಲೆ, ಬುಟ್ಟಿಯ ಮೇಲೆ, ಹಳೆ ಗೋಣಿಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಮೊಟ್ಟೆಯಿಟ್ಟವು. ಅವನು ಮೂರು ದಿನ ಇಂಗು ತಿಂದ ಮಂಗನ ಮುಖ ಹೊತ್ತು ಏಣಿ ಹತ್ತಿ ಇಳಿದ. ಅಷ್ಟರಲ್ಲಿ ಕೆಲವು ಆಗಲೇ ಸತ್ತಿದ್ದವು.

ಮೂರನೆಯ ದಿನ ಮಗ್ಗದಲ್ಲಿ ಮೈಯ ಬಟ್ಟೆ ಮುಗಿಯಿತು. ಶಿನೋ ನೂಲು ತೆಗೆಯಲು ಬುಟ್ಟಿ ಎಲ್ಲಿ ಅಂದಳು. ಅವಳು ಅವನ ಕಣ್ಣು ಹೋದ ಕಡೆ ನೋಡಿ ಏಣಿ ಹತ್ತಿದಳು. ಹಿಂದೆಯೇ ಸುಮಿಯೆ ಹತ್ತಿದಳು.

ಶಿನೋ ಕೂಗಾಡಲಿಲ್ಲ. ಒಂದು ಗೂಡನ್ನು ಎತ್ತಿ, ತೂತಿನೊಳಗೆ ಕಿರುಬೆರಳು ಹಾಕಿ ತಿರುಗಿಸಿ ನೋಡಿದಳು. ಇನ್ನೊಂದನ್ನು ಎತ್ತಿದಳು. "ತೋಳು ಹೋಯ್ತು" ಅಂದಳು.

ಆಗಲಾದರೂ ಬಾಯಿ ಮುಚ್ಚಿಕೊಂಡಿದ್ದರೆ ಅವನು ತೊಕುಮಾತ್ಸು ಹೇಗಾದಾನು? ಸ್ವಾಮಿಗಳ ಮಾತು, ಮುಚ್ಚಿದ ಬಾಗಿಲು, ಕಿವಿಯ ಹತ್ತಿರ ಹೊರಳಿದ ಸದ್ದು, ತನಗೆ ಕೊಲ್ಲಲು ಮನಸ್ಸು ಬಾರದ್ದು, ಎಲ್ಲ ಹೇಳಿದ. ದಯೆ ಎಂಬ ಮಾತೂ ಒಂದು ಸಲ ಬಂತು.

"ದಯೆಯಾ?" ಶಿನೋ ಅವನ ಕಡೆ ತಿರುಗಿದಳು. "ಏನಯ್ಯಾ, ಇಪ್ಪತ್ತೈದು ವರ್ಷ ಇವರನ್ನ ಯಾರು ಬೇಯಿಸಿದ್ರು ಅನ್ಕೊಂಡಿದ್ದೀಯ? ನನಗೂ ಕಿವಿ ಇದೆ. ಒಳಗೆ ಹೊರಳೋದು ನನಗೂ ಕೇಳಿಸುತ್ತೆ. ಇಬ್ಬರಲ್ಲಿ ಒಬ್ಬರು ಮಾಡ್ಲೇಬೇಕಲ್ಲ ಅಂತ ನಾನು ಮಾಡ್ದೆ. ರಾಯರು ಅಂತ ಸುಮ್ನೆ ಕರೀತೀನಾ? ಬೇಯಿಸೋ ಕೈಯಿಂದ ಅಷ್ಟಾದ್ರೂ ಮರ್ಯಾದೆ ಸಲ್ಲಲಿ ಅಂತ ಕರೀತೀನಿ. ನೀನು ಹೊಲಕ್ಕೆ ಓಡ್ಹೋಗಿ ಒಳ್ಳೆಯವನಾದೆ."

ಅವಳ ಬೆರಳು ಇನ್ನೂ ಗೂಡಿನೊಳಗೇ ಇತ್ತು. ವರ್ಷಗಟ್ಟಲೆ ಕುದಿನೀರಲ್ಲಿ ಎಳೆ ಹುಡುಕಿ ಅದರ ತುದಿಯ ಗೆರೆಯೆಲ್ಲ ಅಳಿಸಿ ನುಣ್ಣಗಾಗಿತ್ತು. ಆ ಬೆರಳನ್ನು ತೊಕುಮಾತ್ಸು ದಿನವೂ ನೋಡುತ್ತಿದ್ದ, ಆ ದಿನ ಕಂಡ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ತನ್ನ ಪಾಲಿನ ಪಾಪವನ್ನೂ ಅವಳ ಕೈಗೆ ದಾಟಿಸಿ, ತಾನು ಮೆತ್ತಗಿನ ಮನಸ್ಸಿನವನೆಂದು ಹೆಸರು ತೆಗೆದುಕೊಂಡಿದ್ದೆ ಎಂಬುದು ಬೇರೆ ಯಾರೂ ವಿವರಿಸದೆ ಅವನಿಗೆ ಅರ್ಥವಾಯಿತು.

ಶಿನೋ ಚಾಪೆಯ ಮೇಲಿನ ಮೊಟ್ಟೆಗಳನ್ನು ತೋರಿಸಿದಳು. ಒಬ್ಬೊಬ್ಬ ತಾಯಿಗೆ ನಾನೂರು. ಚಿಗುರು ಕಾಲಕ್ಕೆ ಅಷ್ಟೂ ಒಡೆದರೆ ಊರ ಸೊಪ್ಪೆಲ್ಲ ತಂದರೂ ಸಾಲದು, ಹಸಿದು ಸಾಯುತ್ತವೆ. ಪರೀಕ್ಷೆಯಾಗದ ಮೊಟ್ಟೆಯಲ್ಲಿ ಗಂಟುರೋಗವಿದ್ದರೆ ಅಕ್ಕಪಕ್ಕದ ಮನೆಯ ರಾಯರೂ ಉಳಿಯುವುದಿಲ್ಲ.

"ಸುಡಬೇಕು" ಅಂದಳು. "ಈ ಸಲ ನೀನೇ."

ಹೊಲದಲ್ಲಿ ತುರ್ತು ಕೆಲಸ ಯಾವುದೂ ನೆನಪಿಗೆ ಬರಲಿಲ್ಲ. ಗೂಡನ್ನಷ್ಟೇ ಬಿಟ್ಟು ಬುಟ್ಟಿ, ಚಾಪೆ, ಗೋಣಿ ಎಲ್ಲವನ್ನೂ ಅಂಗಳಕ್ಕೆ ಇಳಿಸಿ ಅವನು ಬೆಂಕಿ ಹಚ್ಚಿದ. ಎಳ್ಳು ಹುರಿದ ಹಾಗೆ ಚಟಚಟ ಅಂದಿತು, ಬಹಳ ಹೊತ್ತು ಅಂದಿತು. ಆರುನೂರು ಜೀವ ಉಳಿಸಲು ಹೋಗಿ ಲಕ್ಷ ಜೀವ ಸುಟ್ಟ ಪುಣ್ಯಾತ್ಮ ನಾನು ಎಂದು ಸ್ನಾನದಮನೆಯಲ್ಲಿ ಅವನು ಹೇಳುವಾಗ ಎಲ್ಲರೂ ನಗುತ್ತಾರೆ. ಅಲ್ಲಿಗೆ ಬಂದಾಗ ಅವನು ಮಾತ್ರ ಮುಖಕ್ಕೆ ನೀರು ಹಾಕಿಕೊಳ್ಳುತ್ತಾನೆ.

ತೋಳಿನ ದಾರಿ ತೋರಿಸಿದವಳು ಸುಮಿಯೆ. ತೂತುಗೂಡನ್ನು ಬೂದಿನೀರಲ್ಲಿ ಕುದಿಸಿ, ಹಿಗ್ಗಿಸಿ ಅರಳೆ ಮಾಡಿ, ಕೈಯಲ್ಲಿ ನೂತರೆ ಒರಟಾದ ನೂಲಾದರೂ ಆಗುತ್ತದಲ್ಲ ಅಂದಳು. ಆಗುತ್ತದೆ, ಆದರೆ ಅದಕ್ಕೆ ಚಳಿಗಾಲವಿಡೀ ಎರಡು ಕೈ ಬೇಕು, ನನ್ನವು ಮದುವೆಯ ಕೆಲಸದಲ್ಲಿವೆ ಅಂದಳು ಶಿನೋ. ತಾಯಿ ಮಗಳು ಇಬ್ಬರೂ ಒಟ್ಟಿಗೆ ತೊಕುಮಾತ್ಸುವಿನ ಕೈ ನೋಡಿದರು.

ಮಾಡಿದ್ದುಣ್ಣೋ ಮಹರಾಯ. ನೂಲುವುದು ನಮ್ಮಲ್ಲಿ ಅಜ್ಜಿಯರ ಕೆಲಸ. ಅರಳೆಯನ್ನು ಕಡ್ಡಿಗೆ ಸುತ್ತಿ, ಎಳೆ ಎಳೆದು, ಬೆರಳಿಗೆ ಉಗುಳು ಹಚ್ಚಿ ಹಚ್ಚಿ ಕೂಡಿಸಬೇಕು. ನೀರಾದರೆ ಹಿಡಿಯುವುದಿಲ್ಲ, ಉಗುಳೇ ಬೇಕು. ಇಷ್ಟು ವರ್ಷ ಮಾತಿಗೆ ಖರ್ಚಾದ ಉಗುಳು ಕೊನೆಗೂ ಒಂದು ಕೆಲಸಕ್ಕೆ ಬಂತು ಅಂತ ಅವನೇ ಹೇಳಿಕೊಂಡ. ಬೀದಿಯ ಗಂಡಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು ಅವನನ್ನು ಅಜ್ಜಿ ಅಂತ ಕರೆದು ಹೋದರು. ಮೊದಲ ತಿಂಗಳ ನೂಲು ಎರೆಹುಳುವಿನ ಹಾಗಿತ್ತು. ಎರಡನೆಯ ತಿಂಗಳದ್ದು ಸ್ವಲ್ಪ ಬಡಕಲು ಎರೆಹುಳು. ಒಣಗಾಳಿಗೆ ಅವನ ತುಟಿ ಬಿರಿದು, ಎಳೆಗೆ ಒಮ್ಮೊಮ್ಮೆ ರಕ್ತವೂ ಹತ್ತಿತು. ಶಿನೋ ನೋಡಿದಳು. ಮಾರನೆಯ ದಿನ ಅವನ ಪಕ್ಕದಲ್ಲಿ ಎಣ್ಣೆಯ ಬಟ್ಟಲು ಇತ್ತು.

ಆ ನೂಲನ್ನು ಶಿನೋ ನೇಯ್ದು ತೋಳು ಸಿದ್ಧವಾಯಿತು. ಮೈ ಒಂದು ಬಣ್ಣದ ಹೊಳಪು, ತೋಳು ಇನ್ನೊಂದು ಬಣ್ಣದ ಮಂಕು. ಒಂದೇ ನೀಲಿಯಲ್ಲಿ ಅದ್ದಿದರೂ ಎರಡು ಊರಿನ ಬಟ್ಟೆ ಸೇರಿಸಿ ಹೊಲಿದ ಹಾಗೆ ಕಾಣುತ್ತಿತ್ತು. ಶಿನೋ ಅದನ್ನು ಮಡಿಸಿ ಪೆಟ್ಟಿಗೆಯ ತಳದಲ್ಲಿಟ್ಟಳು. ಸುಮಿಯೆ ತೆಗೆದು ಮೇಲೆ ಇಟ್ಟುಕೊಂಡಳು. ಮಗಳನ್ನು ಕಳಿಸಿದ ದಿನ ತೊಕುಮಾತ್ಸುವಿಗೆ ಅಳು ಬಂದದ್ದು ಮಗಳಿಗಾಗಿಯೋ ಪೆಟ್ಟಿಗೆಗಾಗಿಯೋ ಅವನಿಗೇ ಸರಿಯಾಗಿ ಗೊತ್ತಾಗಲಿಲ್ಲ. ಆ ಮಡಿಕೆ ಬಿಚ್ಚಿ ನೋಡಿ ಆ ಮನೆಯ ಹೆಂಗಸರು ಸುಮ್ಮನಾಗುತ್ತಾರೆ ಎಂಬ ಭಯ ಅವನನ್ನು ಬಿಡಲಿಲ್ಲ.

ಐದನೆಯ ದಿನ ಸುಮಿಯೆ ತವರಿಗೆ ಬಂದಾಗ ಅದನ್ನೇ ಉಟ್ಟಿದ್ದಳು. ಶಿನೋ ಕೂರಿಸುವ ಮೊದಲೇ ಕೇಳಿದಳು, ಅವರೇನಂದರು ಎಂದು.

"ಅತ್ತೆ ಬಿಚ್ಚಿ ನೋಡಿದ್ರು. ಮೈಯೆಲ್ಲ ಸವರಿದ್ರು. ತೋಳಿಗೆ ಬಂದಾಗ ಕೈ ನಿಲ್ತು. ಇದ್ಯಾಕೆ ಹೀಗಿದೆ ಅಂದ್ರು. ಮೈ ಅಮ್ಮಂದು, ತೋಳು ಅಪ್ಪಂದು ಅಂದೆ. ಕತೆಯೆಲ್ಲ ಹೇಳ್ದೆ."

"ನಕ್ರಾ?" ತೊಕುಮಾತ್ಸು ಕೇಳಿದ.

"ಹೊಟ್ಟೆ ಹಿಡ್ಕೊಂಡು ನಕ್ರು. ಪಕ್ಕದ ಮನೆಯವರನ್ನೂ ಕರೆದು ತೋರಿಸಿದ್ರು." ಸುಮಿಯೆ ತೋಳನ್ನು ಬೆರಳಲ್ಲಿ ಹಿಡಿದುಕೊಂಡಳು. "ಆಮೇಲೆ ಎಲ್ಲರೂ ಇದನ್ನೇ ಮುಟ್ಟಿ ಮುಟ್ಟಿ ನೋಡಿದ್ರು. ಚಳಿಗೆ ಮೈಗಿಂತ ತೋಳೇ ಬೆಚ್ಚಗಿರುತ್ತೆ ಅಪ್ಪಾ."

ಅವರು ಸುಮ್ಮನಾಗಿರಲಿಲ್ಲ. ತೊಕುಮಾತ್ಸುವಿಗೆ ಅಷ್ಟು ಸಾಕಾಗಿತ್ತು.

ವಸಂತದ ಬೆಳೆ ಮುಗಿಯಿತು. ಗೂಡು ಬಿಡಿಸಿ, ಒಳ್ಳೆಯದನ್ನು ಸಂಘಕ್ಕೆ ಕಳಿಸಿ, ಉಳಿದ ಜೋಡಿಗೂಡಿನ ಬುಟ್ಟಿ ಎತ್ತಿಕೊಂಡು ಶಿನೋ ಕೆಂಡದ ಪೆಟ್ಟಿಗೆಯ ಕಡೆ ಹೊರಟಳು. ತೊಕುಮಾತ್ಸು ಎದ್ದು ಅವಳ ಕೈಯಿಂದ ಬುಟ್ಟಿ ತೆಗೆದುಕೊಂಡ. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದ. ಒಬ್ಬರು ಹೊರಳಿದರು, ಇನ್ನೊಬ್ಬರು ಹೊರಳಿದರು. ಇದು ಸರಿ ಅಂತ ಅವನಿಗೆ ಆಗಲೂ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. "ತಪ್ಪಾಯ್ತು ರಾಯರೇ" ಅಂದು ಗೂಡು ಹರಡಿದ ತಟ್ಟೆಯನ್ನು ಪೆಟ್ಟಿಗೆಯೊಳಗೆ ತಳ್ಳಿದ. ಒಳಗಿನ ಸದ್ದು ನಿಲ್ಲುವವರೆಗೆ ಪಕ್ಕದಲ್ಲೇ ಕೂತಿದ್ದ.

ಶಿನೋ ಚಹಾ ತಂದು ಅವನ ಮುಂದಿಟ್ಟಳು.

"ಆರೋಗುತ್ತೆ, ಕುಡೀರಿ" ಅಂದಳು.

ಮದುವೆಯಾಗಿ ಇಪ್ಪತ್ತಾರನೆಯ ವರ್ಷಕ್ಕೆ ಸಿಕ್ಕ ಮೊದಲ ಬಹುವಚನ. ಅದನ್ನು ಕೇಳಿ ಏನನ್ನಿಸಿತು ಎಂದು ಸ್ನಾನದಮನೆಯಲ್ಲಿ ನಾವೆಲ್ಲ ಕೇಳಿದೆವು. ತೊಕುಮಾತ್ಸು ನೀರಿನಲ್ಲಿ ಇನ್ನಷ್ಟು ಮುಳುಗಿ, ಕಣ್ಣು ಮಾತ್ರ ಮೇಲಿಟ್ಟುಕೊಂಡು ನಕ್ಕ.

"ಮೈಯೆಲ್ಲ ನಡುಗಿಹೋಯ್ತು ಕಣ್ರಪ್ಪ. ನಮ್ಮನೇಲಿ ಅವಳಿಂದ ಬಹುವಚನ ಹೇಳಿಸ್ಕೊಂಡವರು ಒಬ್ಬರೂ ಬದುಕಿ ಉಳಿದಿಲ್ಲ. ಆದ್ರೂ ಚಹಾ ಮಾತ್ರ ಪೂರ್ತಿ ಕುಡಿದೆ."